ಬಾಗಿಲು ತೆಗೆದವರು, ತೆಗೆದೇ ಇಟ್ಟವರು

ಆಷಾಢದಲ್ಲಿ ಒಮ್ಮೆ ನಮ್ಮೂರಿಗೆ ಬಂದು ನೋಡಿ. ನಮ್ಮೂರು ಅಂದ್ರೆ ಹಾಸನ ಜಿಲ್ಲೆ, ಆಲೂರು ತಾಲೂಕಿನ ಪಾಳ್ಯ. ಮಳೆ ಹಿಡಿದರೆ ಬಿಡೋದಿಲ್ಲ. ರಾತ್ರಿ ಒಂಬತ್ತಕ್ಕೆ ನಾನು ಸ್ಟುಡಿಯೋದಲ್ಲಿ ಕೂತು ಗಂಟಲು ಹರ್ಕೊಂಡು ಮಾತಾಡ್ತಿದ್ದರೆ, ನಮ್ಮನೆ ಟಿವಿಯಲ್ಲೇ ನಾನು ಕಾಣೋದಿಲ್ಲ. 'ನೋ ಸಿಗ್ನಲ್'. ಮಾರನೇ ದಿನ ಅಮ್ಮನ ಫೋನು. "ನಿನ್ನೆ ನೀನು ಬರ್ಲೇ ಇಲ್ವಲ್ಲೋ?"

ಕಾರಣ ಸರಳ. ಉಪಗ್ರಹದಿಂದ ನಿಮ್ಮ ಮನೆ ಮೇಲಿನ ಡಿಶ್‌ಗೆ ಚಿತ್ರ ಹೊತ್ತು ತರೋದು ಮೈಕ್ರೋವೇವ್ ಅನ್ನೋ ತರಂಗ. ಅದರ ಅಲೆಯ ಉದ್ದ ಎರಡು ಮೂರು ಸೆಂಟಿಮೀಟರ್ ಅಷ್ಟೇ. ಜೋರು ಮಳೆಯ ಹನಿಗಳು ಅದನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಇದನ್ನೆಲ್ಲ ಇಂಜಿನಿಯರಿಂಗ್‌ನಲ್ಲಿ ಓದಿ, ಪರೀಕ್ಷೆ ಬರೆದು ಪಾಸಾದವನು ನಾನು. ಆದರೆ ಆ ನಾಲ್ಕು ವರ್ಷದಲ್ಲಿ ಒಂದು ಹೆಸರನ್ನು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ಹೆಸರು ಡಾ. ರಾಜೇಶ್ವರಿ ಚಟರ್ಜಿ.

ಚಟರ್ಜಿ ಅಂದ ತಕ್ಷಣ ಬಂಗಾಳದವರು ಅಂದ್ಕೋಬೇಡಿ. ಅದು ಗಂಡನ ಮನೆ ಹೆಸರು. ಆಕೆ ನಮ್ಮ ಮೈಸೂರು ಸೀಮೆಯ ಹೆಣ್ಣುಮಗಳು. ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ, ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರು, ಗಂಡ ಬಿಟ್ಟ ಹೆಣ್ಣುಮಕ್ಕಳು ಓದಬೇಕು ಅಂತ ದುಡಿದವರು. ಬೆಂಗಳೂರಿನ ಮಹಿಳಾ ಸೇವಾ ಸಮಾಜದಡಿ ಅಜ್ಜಿ ಕಟ್ಟಿದ ಶಾಲೆಯಲ್ಲೇ ಮೊಮ್ಮಗಳ ಅಕ್ಷರ ಶುರುವಾಯಿತು. ಮುಂದೆ ಸೆಂಟ್ರಲ್ ಕಾಲೇಜು, ಗಣಿತದಲ್ಲಿ ಎಂ.ಎಸ್ಸಿ., ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲ ರ‍್ಯಾಂಕ್.

1943ರಲ್ಲಿ ಆಕೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಬಾಗಿಲಿಗೆ ಬಂದರು. ಅದೇ ಈಗಿನ ಭಾರತೀಯ ವಿಜ್ಞಾನ ಸಂಸ್ಥೆ. ಆ ಬಾಗಿಲಿನ ಕಥೆ ನಿಮಗೆ ಗೊತ್ತಿರಲಿ. ಹತ್ತು ವರ್ಷ ಮೊದಲು, 1933ರಲ್ಲಿ, ಫಸ್ಟ್ ಕ್ಲಾಸ್ ಹಿಡಿದು ಬಂದ ಮುಂಬೈನ ಕಮಲಾ ಸೊಹೊನಿಯವರನ್ನು ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಸರ್ ಸಿ.ವಿ. ರಾಮನ್ ಬೇಡ ಅಂದಿದ್ದರು. ಆಕೆ ಜಗ್ಗಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ, ಷರತ್ತು ಹಾಕಿ ಒಳಗೆ ಬಿಟ್ಟರು. ನೊಬೆಲ್ ಪಡೆದ ದೊಡ್ಡವರೂ ಒಂದು ವಿಷಯದಲ್ಲಿ ಸಣ್ಣವರಾಗಬಹುದು, ನೋಡಿ. ರಾಜೇಶ್ವರಿಯವರಿಗೂ ರಾಮನ್ ಬಳಿ ಜಾಗ ಸಿಗಲಿಲ್ಲ. ಭೌತಶಾಸ್ತ್ರದ ಪದವಿ ಇಲ್ಲ ಅನ್ನೋದು ಕಾರಣ. ಆಕೆ ಪಕ್ಕದ ಬಾಗಿಲು ತಟ್ಟಿದರು. ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗ ಒಳಗೆ ಕರೆಯಿತು.

1946ರಲ್ಲಿ ದೆಹಲಿಯ ಮಧ್ಯಂತರ ಸರ್ಕಾರ ಬುದ್ಧಿವಂತ ಯುವಕ ಯುವತಿಯರನ್ನು ಹೊರದೇಶಕ್ಕೆ ಕಳಿಸಿ ಓದಿಸಲು ಸ್ಕಾಲರ್‌ಶಿಪ್ ಕೊಟ್ಟಿತು. ಷರತ್ತು ಒಂದೇ: ವಾಪಸ್ ಬಂದು ಕನಿಷ್ಠ ಮೂರು ವರ್ಷ ದೇಶಕ್ಕೆ ದುಡಿಯಬೇಕು. 1947ರಲ್ಲಿ ರಾಜೇಶ್ವರಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ನಾವು ಸ್ವಾತಂತ್ರ್ಯ ಪಡೆದ ವರ್ಷ.

ಇಲ್ಲಿ ಇನ್ನೊಬ್ಬ ಹೆಣ್ಣುಮಗಳ ಪರಿಚಯ ಮಾಡಿಸ್ತೀನಿ. ಅದೇ ವಿಶ್ವವಿದ್ಯಾಲಯ, ಅದೇ 1947. ಮಾರ್ಜರಿ ಲೀ ಬ್ರೌನ್ ಅನ್ನೋ ಕಪ್ಪು ಮಹಿಳೆ ಅಲ್ಲಿ ಪಾಠ ಹೇಳುತ್ತಾ ಗಣಿತದಲ್ಲಿ ಡಾಕ್ಟರೇಟ್‌ಗೆ ಓದುತ್ತಿದ್ದರು. ಹುಟ್ಟಿದ್ದು 1914ರಲ್ಲಿ, ದಕ್ಷಿಣದ ಮೆಂಫಿಸ್‌ನಲ್ಲಿ. ಅಪ್ಪ ರೈಲ್ವೆ ಅಂಚೆ ಗುಮಾಸ್ತ. ಎರಡು ವರ್ಷ ತುಂಬುವ ಮೊದಲೇ ಅಮ್ಮ ತೀರಿಕೊಂಡಿದ್ದರು. ಆಗ ಆ ದೇಶದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಶಾಲೆ ಬೇರೆ, ಬಸ್ಸಿನಲ್ಲಿ ಸೀಟು ಬೇರೆ, ಕುಡಿಯೋ ನೀರಿನ ನಲ್ಲಿಯೂ ಬೇರೆ. ಕೇಳಿದ ಹಾಗಿದೆಯಲ್ವಾ? ನಮ್ಮ ಊರುಗಳ ಬಾವಿ, ಹೋಟೆಲಿನ ಲೋಟ ನೆನಪಾದರೆ ಅದು ನಿಮ್ಮ ತಪ್ಪಲ್ಲ.

ಇಬ್ಬರಿಗೂ ಪರಿಚಯ ಇತ್ತು ಅಂತ ನಾನು ಹೇಳ್ತಿಲ್ಲ. ಆದರೆ ಇಬ್ಬರೂ ಆಮೇಲೆ ಏನು ಮಾಡಿದರು, ಅದನ್ನು ನೋಡಿ.

ಮಾರ್ಜರಿಯವರಿಗೆ 1950ರಲ್ಲಿ ಡಾಕ್ಟರೇಟ್ ಸಿಕ್ಕಿತು. ಗಣಿತದಲ್ಲಿ ಆ ಪದವಿ ಪಡೆದ ಮೊದಲ ಮೂರು ನಾಲ್ಕು ಕಪ್ಪು ಮಹಿಳೆಯರಲ್ಲಿ ಆಕೆ ಒಬ್ಬರು. ಆಕೆ ಪಾಠ ಹೇಳಲು ನಿಂತದ್ದು ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ, ಕಪ್ಪು ವಿದ್ಯಾರ್ಥಿಗಳ ಕಾಲೇಜಿನಲ್ಲಿ. 1951ರಿಂದ 1970ರವರೆಗೆ ಗಣಿತ ವಿಭಾಗದ ಮುಖ್ಯಸ್ಥೆ. ಬೇಸಿಗೆ ರಜೆ ಬಂದರೆ ಹೈಸ್ಕೂಲ್ ಮೇಷ್ಟ್ರುಗಳನ್ನು ಕೂರಿಸಿಕೊಂಡು ಹೊಸ ಗಣಿತ ಕಲಿಸೋರು. 1960ರಲ್ಲಿ ಐಬಿಎಂ ಕಂಪನಿಯಿಂದ 60,000 ಡಾಲರ್ ತರಿಸಿ ಆ ಕಾಲೇಜಿಗೆ ಕಂಪ್ಯೂಟರ್ ಕೇಂದ್ರ ತಂದರು. ಕಡೆಯ ವರ್ಷಗಳಲ್ಲಿ ಚುರುಕು ಮಕ್ಕಳಿಗೆ ತಮ್ಮ ಸ್ವಂತ ದುಡ್ಡು ಕೊಟ್ಟು ಓದಿಸಿದರು. 1979ರಲ್ಲಿ ತೀರಿಕೊಂಡರು.

ಇತ್ತ ರಾಜೇಶ್ವರಿ, ಏಷ್ಯಾದ ಮಹಿಳೆಯರಿಗೆಂದೇ ಮಿಶಿಗನ್‌ನಲ್ಲಿದ್ದ ಬಾರ್ಬರ್ ಸ್ಕಾಲರ್‌ಶಿಪ್ ಪಡೆದು 1953ರಲ್ಲಿ ಡಾಕ್ಟರೇಟ್ ಮುಗಿಸಿದರು. ಸರ್ಕಾರ ಕೇಳಿದ್ದು ಮೂರು ವರ್ಷ. ಆಕೆ ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ದುಡಿದದ್ದು ಹತ್ತಿರ ಹತ್ತಿರ ಮೂವತ್ತು ವರ್ಷ! ಪತಿ ಪ್ರೊ. ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ದೇಶದಲ್ಲಿ ಮೈಕ್ರೋವೇವ್ ಇಂಜಿನಿಯರಿಂಗ್ ಸಂಶೋಧನೆಗೆ ಅಡಿಪಾಯ ಹಾಕಿದವರಲ್ಲಿ ಅವರೂ ಸೇರಿದ್ದಾರೆ. ವಿಭಾಗದ ಮುಖ್ಯಸ್ಥೆಯಾದರು. ಇಪ್ಪತ್ತು ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ, ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ, ಏಳು ಪುಸ್ತಕ. 1982ರಲ್ಲಿ ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಿಲ್ಲ. ಮಹಿಳಾ ಅಧ್ಯಯನದ ರಾಷ್ಟ್ರೀಯ ಸಂಘದ ಜೊತೆ ಕೆಲಸಕ್ಕಿಳಿದರು. ಅಜ್ಜಿಯ ದಾರಿಗೇ ಬಂದರು ಅನ್ನಿ. 2010ರ ಸೆಪ್ಟೆಂಬರ್‌ನಲ್ಲಿ ಕಣ್ಣು ಮುಚ್ಚಿದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತ ಆಕೆಯನ್ನು ಕರೀತಾರೆ. ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಇಬ್ಬರೂ ಬುದ್ಧಿವಂತರು, ಸರಿ. ಆದರೆ ಬರೀ ಬುದ್ಧಿಯಿಂದ ಆಗಿದ್ದಲ್ಲ ಇದು. ಒಂದು ಕಡೆ ಅಜ್ಜಿಯ ಶಾಲೆ, ಸರ್ಕಾರದ ದುಡ್ಡು. ಇನ್ನೊಂದು ಕಡೆ ಗುಮಾಸ್ತನಾದರೂ ಮಗಳನ್ನು ಓದಿಸಿದ ಅಪ್ಪ. ಕಪ್ಪು ಜನರನ್ನು ಒಳಗೆ ಬಿಡುವ ವಿಶ್ವವಿದ್ಯಾಲಯಗಳೇ ಕಡಿಮೆ ಇದ್ದ ಕಾಲದಲ್ಲಿ ಬಿಟ್ಟ ಒಂದು ವಿಶ್ವವಿದ್ಯಾಲಯ. ಯಾರೋ ಬಾಗಿಲು ತೆಗೆದರು. ಒಳಗೆ ಹೋದವರು ಅದನ್ನು ಮುಚ್ಚಿಕೊಳ್ಳಲಿಲ್ಲ.

ಹೋದ ಸಲ ಊರಿಗೆ ಹೋದಾಗ ಪಕ್ಕದ ಮನೆಯ ಅಕ್ಕ ಕೇಳಿದರು: "ಮಗಳು ಪಿಯುಸಿ ಮುಗಿಸ್ತಾಳೆ. ಗಣಿತ ಅಂದ್ರೆ ಪ್ರಾಣ. ಬೆಳಿಗ್ಗೆ ತೋಟದ ದಾರಿಲಿ ಆನೆ ಇದೆ ಅಂತ ವಾಟ್ಸಾಪ್ ಬಂದ್ರೆ ಬಸ್ಸಿಗೇ ಕಳ್ಸಲ್ಲ. ಹಾಸನದಲ್ಲಿ ಹಾಸ್ಟೆಲ್ ಸಿಗುತ್ತೇನಪ್ಪಾ? ಇಲ್ಲಾಂದ್ರೆ ಇಷ್ಟಕ್ಕೇ ಸಾಕು ಅಂತಿದ್ದಾರೆ ಅವರಪ್ಪ."

ಆನೆ ಬಂತು ಅನ್ನೋ ಸುದ್ದಿ ಅವರ ಮೊಬೈಲಿಗೆ ತರಂಗದ ಮೇಲೆ ಬರುತ್ತೆ. ಆ ವಿದ್ಯೆಯನ್ನು ಈ ನಾಡಿಗೆ ಕಲಿಸಿದವರಲ್ಲಿ ಒಬ್ಬ ಹೆಣ್ಣುಮಗಳೂ ಇದ್ದರು. ಅದೇ ಮನೆಯ ಹುಡುಗಿ ಒಂದು ಹಾಸ್ಟೆಲ್ ಸೀಟಿಗಾಗಿ ಓದು ಬಿಡಬೇಕಾ? ರಾಜೇಶ್ವರಿಯವರಿಗೆ ಅಂಥ ಅಜ್ಜಿ ಇದ್ದರು. ಎಲ್ಲರ ಮನೆಯಲ್ಲೂ ಇರೋದಿಲ್ಲ. ಇಲ್ಲದ ಮನೆಗೆ ಸರ್ಕಾರ ಅಜ್ಜಿಯಾಗಬೇಕು, ಊರು ಅಜ್ಜಿಯಾಗಬೇಕು. ಓದಿ ಮುಂದೆ ಬಂದ ನನ್ನಂಥವನೂ ಆಗಬೇಕು. ಆ ಅಕ್ಕನಿಗೆ ಹಾಸ್ಟೆಲ್ ಅರ್ಜಿ ತುಂಬಿಕೊಟ್ಟು ಬಂದಿದ್ದೇನೆ. ನಿಮ್ಮ ಪಕ್ಕದ ಮನೆಯಲ್ಲಿ ಯಾರಿದ್ದಾರೆ, ಇವತ್ತೇ ವಿಚಾರಿಸಿ.