ಬೆಲೆಯುಂಟು, ವಿಳಾಸವಿಲ್ಲ

ನಮ್ಮ ಸೀಮೆಯ ಹಳೆಯ ಕಂಚಿಗೆ ಪರದೇಶದ ಪೇಟೆಯಲ್ಲಿ ಒಳ್ಳೆಯ ಕ್ರಯ ಬಂದಿದೆ ಎಂದು ಕೇಳಿದಾಗ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದೆ ಹೋಗುತ್ತದೆ. ಅಮೆರಿಕ ಮತ್ತು ಯುರೋಪಿನ ಹರಾಜಿನ ಮಳಿಗೆಗಳು ಅಚ್ಚು ಹಾಕಿಸುವ ಅಂದವಾದ ಪಟ್ಟಿಗಳಲ್ಲಿ, ಗಾಂಧಾರದ ಬುದ್ಧ, ಚೋಳರ ಕಾಲದ ದೇವಿ ಇವರ ಸಾಲಿನಲ್ಲಿಯೇ ಆಗೊಮ್ಮೆ ಈಗೊಮ್ಮೆ ನಮ್ಮ ದೈವದ ಮೊಗವೊಂದು ಕಾಣಿಸಿಕೊಳ್ಳುವುದುಂಟು. ಹಂದಿಯ ಮೂತಿ, ಕೋರೆದಾಡೆ, ನೆಟ್ಟಗೆ ನಿಂತ ಕಿವಿ. ಪಂಜುರ್ಲಿಯೆಂದು ತುಳುನಾಡಿನ ಮಗುವೂ ಹೇಳೀತು. ಚಿತ್ರದ ಕೆಳಗಿನ ವಿವರಣೆ ಮಾತ್ರ ಬಹಳ ಸಂಕ್ಷೇಪ: ದಕ್ಷಿಣ ಭಾರತ, ಕರ್ನಾಟಕ, ಭೂತದ ಮುಖವಾಡ, 18ನೆಯ ಅಥವಾ 19ನೆಯ ಶತಮಾನ. ಯಾವ ಗ್ರಾಮದ್ದು, ಯಾವ ಗುತ್ತಿನ ಭಂಡಾರದ್ದು, ಹೊಸಿಲು ದಾಟಿದ್ದು ಯಾವಾಗ ಎಂಬ ಸುದ್ದಿಯೇ ಇಲ್ಲ. ಕ್ರಯ ಮಾತ್ರ ಸಾವಿರಾರು ಡಾಲರು.

ಇಂಥ ವಸ್ತು ನಮ್ಮಲ್ಲಿಂದ ಹೊರಬೀಳುವಾಗ ಅದಕ್ಕೆ ಸಿಕ್ಕಿದ್ದೆಷ್ಟು? ಬಂಟ್ವಾಳ ಕಡೆಯ ಗುಜರಿ ಅಂಗಡಿಯೊಂದರಲ್ಲಿ ಒಡೆದ ಗಗ್ಗರ, ಸೊಟ್ಟಗಾದ ತೂಗುದೀಪ, ಹಿಡಿಯಿಲ್ಲದ ಗಂಟೆ ಇವೆಲ್ಲ ಒಂದೇ ತಕ್ಕಡಿಗೆ ಏರಿದ್ದನ್ನು ನಾನು ಕಂಡಿದ್ದೇನೆ. ಅಲ್ಲಿ ಕಂಚೆಂದರೆ ಕಂಚು, ಕಿಲೋಗೆ ಇಂತಿಷ್ಟು. ಅದೇ ಗಂಟೆ ನಾಲ್ಕು ಕೈ ದಾಟಿ ದೊಡ್ಡ ಊರಿನ ಗಾಜಿನ ಕಪಾಟಿನಲ್ಲಿ ಕುಳಿತರೆ ತೂಕದ ಲೆಕ್ಕ ಮುಗಿದು ವಯಸ್ಸಿನ ಲೆಕ್ಕ ಮೊದಲಾಗುತ್ತದೆ. ಮಾರಿದವರನ್ನು ಬಯ್ಯುವುದು ಸುಲಭ. ಆದರೆ 1949ರ ಮದರಾಸಿನ ಅಳಿಯಸಂತಾನ ಕಾಯಿದೆ ಬಂದ ಮೇಲೆ ಕುಟುಂಬಗಳು ಪಾಲಾದವು. 1974ರ ಭೂಸುಧಾರಣೆಯಲ್ಲಿ ಗೇಣಿಯ ಭೂಮಿ ಉಳುವವನಿಗೆ ಸೇರಿತು. ಆ ನ್ಯಾಯದ ವಿರುದ್ಧ ನನ್ನದೇನೂ ತಕರಾರಿಲ್ಲ. ಆದರೆ ಗೇಣಿಯ ಭತ್ತವನ್ನೇ ನಂಬಿದ್ದ ಗುತ್ತಿನ ಮನೆಗಳಲ್ಲಿ ಪತ್ತಾಯ ಬರಿದಾಯಿತು, ನೇಮದ ಖರ್ಚು ಭಾರವಾಯಿತು. ಮಕ್ಕಳು ಮುಂಬಯಿಗೆ ಹೋದರು. ಮುಂದೆ ಅವರ ಕೈಯಲ್ಲಿ ದುಡ್ಡಾಡಿದಾಗ ದೈವಕ್ಕೆ ಹೊಸ ಬೆಳ್ಳಿಯ ಮೊಗ ಮಾಡಿಸಿದರು. ಹಳೆಯ ಕಂಚಿನದು ಮೂಲೆ ಸೇರಿತು. ಮೂಲೆ ಸೇರಿದ್ದನ್ನು ಹುಡುಕಿಕೊಂಡು ಬರುವವರಿಗೆ ಯಾವ ಕಾಲದಲ್ಲಿಯೂ ಬರವಿಲ್ಲ.

ಕಾನೂನು ಇಲ್ಲವೆಂದಲ್ಲ. ಪುರಾತನ ವಸ್ತುಗಳ ರಫ್ತನ್ನು ಹಿಡಿದಿಡಲು 1947ರಲ್ಲಿಯೇ ಕಾಯಿದೆಯಾಯಿತು. 1972ರ ಕಾಯಿದೆ ಇನ್ನೂ ಬಿಗಿಯಾದುದು. ನೂರು ವರ್ಷ ಮೀರಿದ ಶಿಲ್ಪವನ್ನಾಗಲಿ, ಎಪ್ಪತ್ತೈದು ಮೀರಿದ ಮಹತ್ವದ ಹಸ್ತಪ್ರತಿಯನ್ನಾಗಲಿ ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ದೇಶದೊಳಗೆ ವ್ಯಾಪಾರ ಮಾಡಲೂ ಪರವಾನಗಿ ಬೇಕು. ಬಾಗಿಲು ಮುಚ್ಚಿತು, ಆದರೆ ಹೊರಗಿನ ಬೇಡಿಕೆ ತಗ್ಗಲಿಲ್ಲ. ಒಳಗಿನ ಕ್ರಯಕ್ಕೂ ಹೊರಗಿನ ಕ್ರಯಕ್ಕೂ ಇರುವ ಈ ಅಂತರವೇ ಕಳ್ಳಸಾಗಣೆಯವನ ಲಾಭ.

ಕಳವಾದದ್ದನ್ನು ಮರಳಿ ಕೇಳುವ ದಾರಿ 1970ರ ಯುನೆಸ್ಕೋ ಒಪ್ಪಂದದಲ್ಲಿದೆ. ಭಾರತ ಅದನ್ನು 1977ರಲ್ಲಿ ಒಪ್ಪಿತು. ಅದರ ಏಳನೆಯ ವಿಧಿಯನ್ನು ನಮ್ಮ ದೇವಸ್ಥಾನ, ಬಸದಿ, ದೈವಸ್ಥಾನಗಳ ಮೊಕ್ತೇಸರರೆಲ್ಲರೂ ಒಮ್ಮೆ ಓದಬೇಕು. ಕಳವಾದ ವಸ್ತು ಆ ಸಂಸ್ಥೆಯ ದಾಖಲೆಯ ಪಟ್ಟಿಯಲ್ಲಿ ಮೊದಲೇ ಸೇರಿರಬೇಕು, ಮತ್ತು ಮರಳಿ ಕೇಳುವ ದೇಶವೇ ತನ್ನ ಖರ್ಚಿನಲ್ಲಿ ಸಾಕ್ಷ್ಯ ಒದಗಿಸಬೇಕು ಎಂದು ಅಲ್ಲಿ ಹೇಳಿದೆ. ಪಟ್ಟಿಯಿಲ್ಲದವನ ಮಾತು ಅಲ್ಲಿ ನಡೆಯುವುದು ಕಷ್ಟ.

ತಮಿಳುನಾಡಿನವರು ಇದನ್ನು ಪೆಟ್ಟು ತಿಂದು ಕಲಿತರು. ಶಿವಪುರದ ಗುಡಿಯ ನಟರಾಜನನ್ನು 1954ರಲ್ಲಿ ದುರಸ್ತಿಗೆಂದು ಕೊಟ್ಟರು. ಹಿಂದಕ್ಕೆ ಬಂದದ್ದು ಪಡಿಯಚ್ಚು. ಊರವರು ಅದಕ್ಕೇ ಮಂಗಳಾರತಿ ಎತ್ತುತ್ತಿದ್ದರು. ಮೂಲ ಬಿಂಬ ಕೈಯಿಂದ ಕೈಗೆ ದಾಟಿ, ಕ್ಯಾಲಿಫೋರ್ನಿಯದ ನಾರ್ಟನ್ ಸೈಮನ್ನರ ಸಂಗ್ರಹಕ್ಕೆ ಸುಮಾರು ಹತ್ತು ಲಕ್ಷ ಡಾಲರಿಗೆ ಹೋಯಿತು. ಬ್ರಿಟಿಷ್ ಮ್ಯೂಜಿಯಮ್ಮಿನ ಡಗ್ಲಸ್ ಬ್ಯಾರೆಟ್ ಎಂಬ ವಿದ್ವಾಂಸನ ಕಣ್ಣಿಗೆ ಗುಡಿಯಲ್ಲಿರುವುದು ನಕಲೆಂದು ಕಾಣದಿದ್ದರೆ ವಿಷಯ ಎಷ್ಟು ಕಾಲ ಮುಚ್ಚಿರುತ್ತಿತ್ತೋ. ಮೂರ್ತಿ ಮರಳಿದ್ದು 1986ರಲ್ಲಿ. ಶ್ರೀಪುರಂದಾನದ ನಟರಾಜನನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಚಿತ್ರಶಾಲೆ 2008ರಲ್ಲಿ ಸುಮಾರು ಐವತ್ತು ಲಕ್ಷ ಡಾಲರು ತೆತ್ತು ಕೊಂಡಿತು. 2014ರಲ್ಲಿ ಹಿಂದಕ್ಕೆ ಕೊಟ್ಟಿತು. ಇಂಥ ವ್ಯಾಜ್ಯಗಳಲ್ಲಿ ನೆರವಾದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿ 1956ರಿಂದ ಕೂಡಿಟ್ಟ ದೇವಾಲಯಗಳ ಛಾಯಾಚಿತ್ರಗಳು. ಗುಡಿಯಲ್ಲಿದ್ದಾಗಿನ ಪಟ ಒಂದಿದ್ದರೆ ವಕೀಲನಿಗೆ ಅರ್ಧ ಕೆಲಸ ಮುಗಿದಂತೆ.

ಇನ್ನು ನಮ್ಮ ಮೂಡಬಿದಿರೆಗೆ ಬರೋಣ. ಶಿವಪುರದಲ್ಲಿ ಮೂಲ ಹೋಗಿ ನಕಲು ಉಳಿಯಿತು. ಇಲ್ಲಿ ನಡೆದದ್ದು ತದ್ವಿರುದ್ಧ. ಷಟ್ಖಂಡಾಗಮಕ್ಕೆ ವೀರಸೇನರು 9ನೆಯ ಶತಮಾನದಲ್ಲಿ ಬರೆದ ಧವಲಾ ಟೀಕೆ, ಅದರ ಜೊತೆಗೆ ಜಯಧವಲಾ, ಮಹಾಧವಲಾ, ಇವು ಇಡೀ ದೇಶದಲ್ಲಿ ಉಳಿದುಕೊಂಡದ್ದು ಮೂಡಬಿದಿರೆಯ ಸಿದ್ಧಾಂತ ಬಸದಿಯ ತಾಳೆಗರಿಗಳಲ್ಲಿ ಮಾತ್ರ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ. ಕೆಲವು ಓಲೆಗಳ ಮೇಲೆ 12ನೆಯ ಶತಮಾನದ ಆದಿಯ ವರ್ಣಚಿತ್ರಗಳೂ ಇವೆ. ಗುಜರಾತಿನ ಕಡೆಯ ಎಷ್ಟೋ ಕಲ್ಪಸೂತ್ರಗಳನ್ನು ವ್ಯಾಪಾರಿಗಳು ಹಾಳೆ ಹಾಳೆಯಾಗಿ ಬಿಡಿಸಿ ಚಿತ್ರವಿರುವ ಪುಟಗಳನ್ನು ಒಂದೊಂದಾಗಿ ಮಾರಿದ್ದಾರೆ. ಮೂಡಬಿದಿರೆಯ ಓಲೆಗಳಿಗೆ ಆ ಗತಿ ಬರಲಿಲ್ಲ. ಶತಮಾನಗಳ ಕಾಲ ಅವು ದರ್ಶನದ ವಸ್ತುವಾಗಿದ್ದವು; ಯಾತ್ರಿಕರು ದೂರದಿಂದ ಕೈಮುಗಿಯುತ್ತಿದ್ದರು, ಓದುವವರಿರಲಿಲ್ಲ.

1896ರ ಸುಮಾರಿಗೆ ಆರಂಭವಾದ ಪ್ರತಿ ತೆಗೆಯುವ ಕೆಲಸ ಸುಮಾರು ಕಾಲು ಶತಮಾನ ಎಳೆಯಿತು. ಪ್ರತಿ ಹೊರಗೆ ಹೋಗಕೂಡದೆಂಬ ಕಟ್ಟಳೆಯಿತ್ತು. ಲಿಪಿಕಾರರಾದ ಗಜಪತಿ ಶಾಸ್ತ್ರಿಗಳು ಗುಟ್ಟಾಗಿ ಮನೆಯಲ್ಲಿ ಕನ್ನಡ ಲಿಪಿಯ ಇನ್ನೊಂದು ಪ್ರತಿ ಮಾಡಿದರು. ಅದು ಉತ್ತರದ ಸಹಾರನಪುರದ ಜೈನ ಶ್ರೀಮಂತರೊಬ್ಬರ ಕೈ ಸೇರಿತು. ಬಸದಿಯವರ ದೃಷ್ಟಿಯಿಂದ ಇದು ವಿಶ್ವಾಸಭಂಗ. ಅಲ್ಲವೆನ್ನಲು ನನಗೆ ಬಾಯಿಲ್ಲ. ಆದರೆ ಮೂಲದ ಒಂದು ಗರಿಯೂ ಅದರಿಂದ ಕದಲಲಿಲ್ಲ. ಹೊರಗೆ ಹಬ್ಬಿದ ಪ್ರತಿಗಳ ಆಧಾರದಿಂದ ಹೀರಾಲಾಲ ಜೈನರು 1939ರಲ್ಲಿ ಧವಲೆಯ ಮೊದಲ ಸಂಪುಟವನ್ನು ಅಚ್ಚಿಗೆ ತಂದರು. ಮುಂದೆ ಹದಿನಾರು ಸಂಪುಟಗಳಾದವು. ಹಿಂದೆಯೇ 1948ರಲ್ಲಿ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿಯನ್ನು ಭಾರತೀಯ ಜ್ಞಾನಪೀಠ ಪ್ರಕಟಿಸಿತು. ಮೂಡಬಿದಿರೆ, ಕಾರ್ಕಳದ ಭಂಡಾರಗಳಲ್ಲಿ ಯಾವ ಗ್ರಂಥ ಎಲ್ಲಿದೆಯೆಂಬುದಕ್ಕೆ ಅದರಲ್ಲಿ ಲೆಕ್ಕವಿದೆ. ಪಂಡಿತರು ಮಾಡಿದ್ದು ವಿದ್ವತ್ತಿನ ಕೆಲಸವೆಂದು ಎಲ್ಲರೂ ಹೊಗಳುತ್ತಾರೆ. ನನಗಂತೂ ಅದು ಕಾವಲಿನ ಕೆಲಸವಾಗಿಯೂ ಕಾಣುತ್ತದೆ.

2013ರ ಜುಲೈನಲ್ಲಿ ಇದೇ ಸಿದ್ಧಾಂತ ಬಸದಿಯಲ್ಲಿ ಕನ್ನ ಬಿತ್ತು. ಚಿನ್ನದ, ರತ್ನದ ಶಿಲೆಗಳ ಜಿನಬಿಂಬಗಳು ಕಳವಾದವು. ಚಿಕ್ಕವು, ಜೇಬಿನಲ್ಲಿ ಹಿಡಿಯುವಂಥವು, ಬೆಲೆಯಲ್ಲಿ ಬಹು ದೊಡ್ಡವು. ಹಲವನ್ನು ಪೊಲೀಸರು ಮುಂದೆ ವಶಪಡಿಸಿಕೊಂಡರು. ತಲೆಮಾರುಗಳಿಂದ ಸಾವಿರಾರು ಯಾತ್ರಿಕರು ದೀಪದ ಬೆಳಕಿನಲ್ಲಿ ಒಂದೊಂದಾಗಿ ಕಂಡ ಬಿಂಬಗಳು ಅವು. ಎಷ್ಟಿದ್ದವು, ಯಾವುದು ಯಾವ ಬಣ್ಣದ್ದು ಎಂದು ಹೇಳಬಲ್ಲವರು ನೂರಾರು ಮಂದಿಯಿದ್ದರು.

ಒಂದು ಗುತ್ತಿನ ಮನೆಯ ಭಂಡಾರ ಹೀಗಲ್ಲ. ಮೊಗ, ಖಡ್ಸಲೆ, ಗಗ್ಗರಗಳು ವರ್ಷವೆಲ್ಲ ಕತ್ತಲೆಯ ಕೋಣೆಯಲ್ಲಿದ್ದು ನೇಮದ ರಾತ್ರಿ ಮಾತ್ರ ಹೊರಬರುತ್ತವೆ. ಪತ್ತನಾಜೆ ಕಳೆದರೆ ಮತ್ತೆ ದೀಪಾವಳಿಯವರೆಗೆ ಆ ಕೋಣೆಯ ಕಡೆ ಮುಖ ಮಾಡುವವರು ವಿರಳ. ನಡುವೆ ಏನಾದರೂ ಕಾಣೆಯಾದರೆ ತಿಳಿಯುವುದೇ ತಿಂಗಳುಗಳ ಮೇಲೆ. ತಿಳಿದರೂ ಠಾಣೆಯಲ್ಲಿ ಹೇಳುವುದೇನು? ‘ಪಂಜುರ್ಲಿಯ ಮೊಗ, ಹಳೆಯದು’ ಎಂದಷ್ಟೆ. ಹರಾಜಿನ ಪಟ್ಟಿಯಲ್ಲಿರುವುದೂ ಅಷ್ಟೆ ತಾನೇ?

ವಿಳಾಸ ಉಳಿದುಕೊಂಡ ಕಡೆಗಳೂ ಇವೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಮರದ ಉರುಗಳಲ್ಲಿ ಅನೇಕವು ಹೊಸ ಉರುಗಳಿಗೆ ಸ್ಥಳ ಬಿಟ್ಟು ದೆಹಲಿಯ ಕರಕುಶಲ ಮ್ಯೂಜಿಯಮ್ ಸೇರಿದವು. ಅಷ್ಟು ದೂರ ಹೋದರೂ ಮೆಕ್ಕೆಕಟ್ಟಿನ ಹೆಸರು ಅವುಗಳನ್ನು ಬಿಟ್ಟಿಲ್ಲ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಮಂಜೂಷಾ ಸಂಗ್ರಹಾಲಯವನ್ನು ಯಾತ್ರಿಕರೆಲ್ಲ ಬಲ್ಲರು. ಬಂಟ್ವಾಳದ ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ಪ್ರೊಫೆಸರ್ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವೇ ನನಗೆ ಹೆಚ್ಚು ಹತ್ತಿರ. ಅಡಿಗೆಯ ಪಾತ್ರೆ, ಬೇಸಾಯದ ಸಲಕರಣೆ, ಭತ್ತ ಅಳೆಯುವ ಮಾಪು ಮುಂತಾದ, ಯಾವ ಹರಾಜಿನವನೂ ತಿರುಗಿ ನೋಡದ ವಸ್ತುಗಳಿಗೆ ಅಲ್ಲಿ ಮರ್ಯಾದೆ ಸಿಕ್ಕಿದೆ. ತುಳುವಿನ ಹೆಸರೊಂದು ಉಳಿಯಬೇಕಾದರೆ ಆ ಹೆಸರಿನ ವಸ್ತು ಕಣ್ಣೆದುರಿಗಿರಬೇಕಷ್ಟೆ.

ಆದರೆ ಪೂಜೆಯಲ್ಲಿರುವ ಮೊಗವನ್ನು ಮ್ಯೂಜಿಯಮ್ಮಿಗೆ ಕೊಡಿ ಎನ್ನಲಾಗದು, ಎನ್ನಬಾರದು. ಅದು ಇರಬೇಕಾದದ್ದು ಭಂಡಾರದಲ್ಲೇ. ಬೆಳ್ತಂಗಡಿ ಕಡೆಯ ಒಂದು ಮನೆಯಲ್ಲಿ ನೇಮದ ಮಾರನೆಯ ದಿನ, ಭಂಡಾರ ಒಳಗೆ ಹೋಗುವ ಮುಂಚೆ, ಮಾಸ್ತರಿಕೆಯಲ್ಲಿರುವ ಅಳಿಯ ನೋಟ್‌ಬುಕ್ಕು ಹಿಡಿದು ಕುಳಿತಿದ್ದ. ಯಜಮಾನರಿಗೆ ಸಮಾಧಾನವಿಲ್ಲ.

“ದೈವದ ಸೊತ್ತನ್ನು ತೂಗುವುದುಂಟೇ?”

“ತೂಗುವುದು ಬೇಡ ಮಾವ, ಪಟವೂ ಬೇಡ. ನೀವು ಹೇಳಿ, ನಾನು ಬರೆಯುತ್ತೇನೆ.”

ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮುಟ್ಟದೆಯೇ, ದೂರದಿಂದ ಗೇಣು ಹಿಡಿದು ಉದ್ದ ಹೇಳಿದರು, ಅಗಲ ಹೇಳಿದರು. ದಾಡೆಯೊಂದು ಸಡಿಲವಿದೆಯೆಂದರು. ಅಳಿಯ ಪುಸ್ತಕ ಮುಚ್ಚುವಷ್ಟರಲ್ಲಿ ಮತ್ತೆ ಕರೆದರು: “ತಾಳು. ಎಡಗಿವಿಯ ತುದಿ ನನ್ನ ಅಜ್ಜನ ಕಾಲದಲ್ಲೇ ಮುಕ್ಕಾದದ್ದು. ಅದನ್ನೂ ಬರೆ.”