ನರಸಂಧಿಯ ಶಿಲ್ಕು

ನರಕೋಶವೊಂದು ಮತ್ತೊಂದಕ್ಕೆ ಸುದ್ದಿಯನ್ನು ದಾಟಿಸುವ ಎಡೆಗೆ ‘ಸಿನಾಪ್ಸ್’ ಎಂಬ ಹೆಸರು ೧೮೯೭ರಲ್ಲಿ ಬಂದಿತು. ಶೆರಿಂಗ್‌ಟನ್ನರ ಈ ಪದವನ್ನು ನಾವು ನರಸಂಧಿಯೆನ್ನಬಹುದು. ಈ ಸಂಧಿಯು ಬಂದುದನ್ನು ಬಂದಂತೆಯೇ ದಾಟಿಸುವ ಬರಿಯ ಬಾಗಿಲಲ್ಲ. ಈಗತಾನೇ ಮಾಡಿದ ಕೆಲಸದ ಗುರುತನ್ನು ಕೆಲವು ಕ್ಷಣ ಉಳಿಸಿಕೊಳ್ಳುತ್ತದೆ. ಈ ಅರಿವು ಬೆಳೆದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸೋಣ.

ಶೋಧದ ಮೊದಲ ಅಧ್ಯಾಯಗಳು ಮಿದುಳಿಗಿಂತ ಹೆಚ್ಚಾಗಿ ನರವು ಸ್ನಾಯುವನ್ನು ಕೂಡುವೆಡೆಯಲ್ಲಿ ನಡೆದುವು. ಸತತ ಪ್ರಚೋದನೆಯ ಕಾಲದಲ್ಲಿಯೂ ಅನಂತರವೂ ಅಲ್ಲಿಯ ವಿದ್ಯುತ್ ಪ್ರತಿಕ್ರಿಯೆ ಬದಲಾಗುವುದನ್ನು ಚೀನದ ಫೆಂಗ್ ೧೯೪೧ರಲ್ಲಿ ವರದಿ ಮಾಡಿದರು. ೧೯೫೪ರಲ್ಲಿ ಡೆಲ್ ಕಾಸ್ಟಿಲ್ಯೊ ಮತ್ತು ಬರ್ನಾರ್ಡ್ ಕಾಟ್ಜ್, ಕಪ್ಪೆಯ ಸ್ನಾಯುವಿನ ಮೇಲೆ ಪ್ರಯೋಗ ನಡೆಸಿ, ರಾಸಾಯನಿಕವು ಸಣ್ಣ ಸಣ್ಣ ಪೊಟ್ಟಣಗಳಾಗಿ ಬಿಡುಗಡೆಯಾಗುವುದೆಂದು ತೋರಿಸಿದರು. ಪ್ರತಿಕ್ರಿಯೆ ಏರುವುದಕ್ಕೂ ಇಳಿಯುವುದಕ್ಕೂ ಮುಖ್ಯ ಕಾರಣ ಪೊಟ್ಟಣದ ಗಾತ್ರವಲ್ಲ, ಸಂಖ್ಯೆ. ಏರಿಕೆಯ ಮೂಲವನ್ನು ಕಾಟ್ಜ್ ಮತ್ತು ಮಿಲೇಡಿ ೧೯೬೮ರಲ್ಲಿ ಕ್ಯಾಲ್ಸಿಯಂನಲ್ಲಿ ಕಂಡರು: ಮೊದಲ ಆವೇಗದಲ್ಲಿ ಒಳಹೊಕ್ಕ ಕ್ಯಾಲ್ಸಿಯಂನ ಶೇಷವು ಎರಡನೆಯದಕ್ಕೆ ಬಲ ನೀಡುತ್ತದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಹಿಂದಿನ ವ್ಯವಹಾರದ ಶಿಲ್ಕು ಮುಂದಿನದಕ್ಕೆ ಸೇರಿತು. ಇಳಿಕೆಗಾದರೋ, ಬಿಡುಗಡೆಗೆ ಸಿದ್ಧವಾಗಿದ್ದ ಪೊಟ್ಟಣಗಳ ದಾಸ್ತಾನು ಕರಗುವುದು ಒಂದು ಪ್ರಮುಖ ಕಾರಣ.

ಹಾಗಾದರೆ ಇಳಿಕೆಯು ಕೇವಲ ದಣಿವೆ? ೧೯೯೭ರಲ್ಲಿ ಈ ಪ್ರಶ್ನೆಗೆ ಹೊಸ ಉತ್ತರ ದೊರೆಯಿತು. ಮಿದುಳಿನ ತೊಗಟೆಯ ನರಸಂಧಿಗಳಲ್ಲಿ ಇಳಿಕೆಯಿರುವುದರಿಂದಲೇ, ಕೋಶವು ಬದಲಾವಣೆಯನ್ನು ಶೇಕಡಾವಾರು ಅಳೆಯಬಲ್ಲದೆಂದು ಆಬಟ್ ಮತ್ತು ಸಂಗಡಿಗರು ತೋರಿಸಿದರು. ಸೆಕೆಂಡಿಗೆ ಹತ್ತು ಆವೇಗಗಳು ಇಪ್ಪತ್ತಾದಾಗಲೂ, ನೂರು ಇನ್ನೂರಾದಾಗಲೂ ಅದರ ಕ್ಷಣಿಕ ಉತ್ತರ ಹೆಚ್ಚುಕಡಮೆ ಒಂದೇ. ಇಳಿಕೆಯಿಲ್ಲದಿದ್ದರೆ ಗಟ್ಟಿದನಿಯ ಕೆಲವೇ ಕೋಶಗಳು ಮಂದದನಿಯ ಅನೇಕ ಕೋಶಗಳನ್ನು ಮುಚ್ಚಿಬಿಡುತ್ತಿದ್ದುವು. ಅದೇ ವರ್ಷ ತ್ಸೋಡಿಕ್ಸ್ ಮತ್ತು ಮಾರ್ಕ್ರಾಮ್, ದಾಸ್ತಾನಿನ ಏರಿಳಿತವನ್ನು ಸರಳ ಸಮೀಕರಣಗಳಲ್ಲಿ ಹಿಡಿದಿಟ್ಟರು.

ಏರಿಕೆಗೂ ಇಂತಹುದೇ ಮಹತ್ವ ಒದಗಿತು. ಕೋಶಗಳು ಎಡೆಬಿಡದೆ ಮಿಡಿಯದಿದ್ದರೂ, ನರಸಂಧಿಯಲ್ಲುಳಿದ ಕ್ಯಾಲ್ಸಿಯಂನ ಬಲದಿಂದ ಒಂದು ವಿಷಯವನ್ನು ಸುಮಾರು ಒಂದು ಸೆಕೆಂಡಿನಷ್ಟು ಕಾಲ ನೆನಪಿನಲ್ಲಿ ಹಿಡಿದಿಡಬಹುದೆಂಬ ಸಿದ್ಧಾಂತವನ್ನು ಮೊಂಜಿಲ್ಲೊ, ಬರಾಕ್ ಮತ್ತು ತ್ಸೋಡಿಕ್ಸ್ ೨೦೦೮ರಲ್ಲಿ ಮುಂದಿಟ್ಟರು. ಇದು ಗಣಿತದ ಮಾದರಿಯೆಂಬುದನ್ನು ಮರೆಯಲಾಗದು.

ಈ ಇತಿಹಾಸದಿಂದ ಒಂದು ಮಾತು ಸಿದ್ಧವಾಗುತ್ತದೆ. ಯಾವ ಕೋಶಕ್ಕೆ ಯಾವುದು ಜೋಡಿಯಾಗಿದೆಯೆಂಬ ನಕ್ಷೆಯೊಂದರಿಂದಲೇ ಮಿದುಳಿನ ನಡೆಯನ್ನು ತಿಳಿಯಲಾಗದು. ನಕ್ಷೆ ಒಂದೇ ಆಗಿದ್ದರೂ, ಹಿಂದಿನ ಕ್ಷಣದಲ್ಲಿ ಏನು ಹರಿಯಿತೆಂಬುದನ್ನು ಅನುಸರಿಸಿ ನರಜಾಲದ ಉತ್ತರ ಬೇರೆಯಾಗುತ್ತದೆ. ದೌರ್ಬಲ್ಯವೆಂದು ತೋರಿದ ಇಳಿಕೆಯೂ, ಅಳಿದುಳಿದ ಶೇಷವೆಂದು ತೋರಿದ ಏರಿಕೆಯೂ ಅದರ ವಿವೇಕದ ಸಾಧನಗಳೇ ಆಗಿವೆ.