ದುರ್ಗದಬೈಲಿನಿಂದ ಧಾರವಾಡಕ್ಕೆ

ಕುಂಪಣಿ ಸರ್ಕಾರದ ಕಾಲದಲ್ಲಿ, 1845ರಲ್ಲಿ, ಧಾರವಾಡದಲ್ಲಿ ಹುಚ್ಚರ ಆಸ್ಪತ್ರೆ ತಲೆಯೆತ್ತಿತು. ಅದರ ಬಾಗಿಲೊಳಗೆ ಯಾರನ್ನು, ಯಾರ ಅಪ್ಪಣೆಯಿಂದ ಕಳುಹಿಸಬೇಕೆಂದು ಕಾಯ್ದೆ ವಿವರವಾಗಿ ಹೇಳಿದ್ದು 1858ರಲ್ಲಿ. ಆ ವರ್ಷದ 35ನೆಯ ಕಾಯ್ದೆ ಆಸ್ತಿವಂತರದು, 36ನೆಯದು ಬೀದಿಯವರದು.

ಹುಬ್ಬಳ್ಳಿಯ ಕೋಟೆಯ ಮುಂದಿನ ದುರ್ಗದಬೈಲಿನಲ್ಲಿ ಮೈಮೇಲೆ ಎಚ್ಚರವಿಲ್ಲದೆ ಅಲೆಯುವವನೊಬ್ಬ ಪೊಲೀಸರ ಕಣ್ಣಿಗೆ ಬಿದ್ದರೆ, ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಾಗಿತ್ತು. ಸರ್ಕಾರಿ ವೈದ್ಯರ ನೆರವಿನಿಂದ ಅವರು ಪರೀಕ್ಷಿಸುತ್ತಿದ್ದರು. ವೈದ್ಯರ ಸಹಿಯ ಒಂದು ಪ್ರಮಾಣಪತ್ರ, ಮ್ಯಾಜಿಸ್ಟ್ರೇಟರ ಒಂದು ಹುಕುಂ: ಆ ಮನುಷ್ಯನ ಮುಂದಿನ ಬಾಳು ಅಷ್ಟರಲ್ಲೇ ತೀರ್ಮಾನವಾಗುತ್ತಿತ್ತು. ಅವನ ಪರವಾಗಿ ವಕೀಲನೊಬ್ಬ ನಿಲ್ಲಬೇಕೆಂಬ ಮಾತು ಆ ಕಾಯ್ದೆಯಲ್ಲಿರಲಿಲ್ಲ. ಹೊಲಮನೆ ಉಳ್ಳವನಿಗಾದರೆ ಜಿಲ್ಲಾ ಕೋರ್ಟಿನಲ್ಲಿ ವಿಚಾರಣೆ ನಡೆಯುತ್ತಿತ್ತು. ಆಸ್ತಿಗೆ ಸಿಕ್ಕ ಆ ನಿಧಾನ, ಬರಿಗೈಯವನ ಬಿಡುಗಡೆಗೆ ಸಿಗಲಿಲ್ಲವೆಂಬುದು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

1912ರ ಕಾಯ್ದೆ ಕೊಂಚ ಕಣ್ಣು ತೆರೆಯಿತು. ಮನೆಯವರು ಅರ್ಜಿ ಕೊಟ್ಟರೆ ಇಬ್ಬರು ವೈದ್ಯರ ಪ್ರಮಾಣಪತ್ರ ಬೇಕಾಯಿತು. ಪರೀಕ್ಷೆಗೆಂದು ಮ್ಯಾಜಿಸ್ಟ್ರೇಟರು ಒಬ್ಬನನ್ನು ಒಂದು ಸಲಕ್ಕೆ 10 ದಿನ, ಒಟ್ಟು 30 ದಿನ ಮಾತ್ರ ಇರಿಸಿಕೊಳ್ಳಬಹುದಾಗಿತ್ತು. ಆಸ್ತಿಯ ವಿಚಾರಣೆಗೆ ನ್ಯಾಯಾಧೀಶರು ಇಬ್ಬರು ಅಥವಾ ಹೆಚ್ಚು ಮಂದಿ ಸಹಾಯಕರನ್ನು ನೇಮಿಸಿಕೊಳ್ಳಬಹುದಾಗಿತ್ತು. ರೋಗಿ ಜಿಲ್ಲಾ ಕೋರ್ಟಿನಿಂದ 50 ಮೈಲಿಗಿಂತ ದೂರದವನಾದರೆ ಕೆಳಗಿನ ಕೋರ್ಟಿಗೆ ಆ ಕೆಲಸವನ್ನು ಒಪ್ಪಿಸಬಹುದಾಗಿತ್ತು. ಹುಬ್ಬಳ್ಳಿ ಅಷ್ಟು ದೂರವಿರಲಿಲ್ಲ. ಇಲ್ಲಿನವರ ವಿಚಾರಣೆ ಧಾರವಾಡದ್ದೇ. ಒಳಗಿದ್ದವರ ಬಿಡುಗಡೆಗೂ ದಾರಿಯಿತ್ತು: ಆಸ್ಪತ್ರೆಯ ಮೂವರು ಸಂದರ್ಶಕರು, ಅವರಲ್ಲೊಬ್ಬ ವೈದ್ಯಾಧಿಕಾರಿ, ಕೂಡಿ ಬರೆದುಕೊಟ್ಟರೆ ಸಾಕು.

ಮುಂಬಯಿ ಪ್ರಾಂತ ಹೋಯಿತು, 1956ರಲ್ಲಿ ಕನ್ನಡನಾಡು ಒಂದಾಯಿತು; ಆ ಕಾಯ್ದೆ ಮಾತ್ರ 1993ರ ಏಪ್ರಿಲ್ 1ರವರೆಗೆ ಕೂತ ಜಾಗ ಬಿಡಲಿಲ್ಲ. ಅದೇ ವರ್ಷ ಶೀಲಾ ಬರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪರಾಧ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಕಾನೂನುಬಾಹಿರವೆಂದು ಸಾರಿತು. ಎಷ್ಟು ತಡವಾಗಿ ಬಂದ ಮಾತು!

ಧಾರವಾಡದ ಆ ಹಳೆಯ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ. ಕಾಯ್ದೆಯೂ ಬದಲಾಗಿದೆ; ಈಗಿನದು 2017ರಲ್ಲಿ ಒಪ್ಪಿಗೆ ಪಡೆದು 2018ರ ಮೇ 29ರಿಂದ ಜಾರಿಯಲ್ಲಿದೆ. ಮ್ಯಾಜಿಸ್ಟ್ರೇಟರು ತಪಾಸಣೆಗೆ ಕಳುಹಿಸಿದವರನ್ನು ಆಸ್ಪತ್ರೆ 10 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ. ಕೋರ್ಟಿನಲ್ಲಿ ಒಬ್ಬರ ಮನೋರೋಗದ ಬಗ್ಗೆ ತಕರಾರು ಎದ್ದರೆ ಮಾನಸಿಕ ಆರೋಗ್ಯ ಪುನರವಲೋಕನ ಮಂಡಳಿ ಪರೀಕ್ಷಿಸಿ ಅಭಿಪ್ರಾಯ ಹೇಳಬೇಕು. ಬೈಲಿನಲ್ಲಿ ಅಲೆಯುತ್ತಿದ್ದವನಿಗೆ ಅಂದು ಯಾರೂ ಹೇಳದಿದ್ದ ಮಾತನ್ನು ಇಂದು ಮ್ಯಾಜಿಸ್ಟ್ರೇಟರು, ಪೊಲೀಸರು, ವೈದ್ಯರು ಹೇಳಲೇಬೇಕು: ನಿನಗೆ ವಕೀಲರ ನೆರವು ಪುಕ್ಕಟೆ ಸಿಗುತ್ತದೆ.